ಸದ್ದಿಗೆ ಬಣ್ಣ ಬಳಿಯಲಾಗದು

ಮಗನೇ, ಅನ್ನ ಮುಚ್ಚಿಟ್ಟಿದ್ದೇನೆ, ತಿನ್ನು. ನಾನು ಆಸ್ಪತ್ರೆಗೆ ಹೊರಟೆ.

ನಿನ್ನೆ ನನ್ನನ್ನು ಕರೆತರಲು ನೀನು ಡೀಲರ್ ಹತ್ತಿರ ಕೊಂಡ ಆ ಹಳೆ ಪೊಲೀಸ್ ಬೈಕಿನಲ್ಲಿ ತರಕಾರಿ ಬೀದಿಗೆ ಬಂದೆಯಲ್ಲ, ಸದ್ದು ಕೇಳಿದ್ದೇ ತಡ, ಪೊಲೀಸರು ಎಬ್ಬಿಸಲು ಬಂದರು ಅಂತ ಫುಟ್‌ಪಾತಿನವರೆಲ್ಲ ಬುಟ್ಟಿ ಎತ್ತಿಕೊಂಡು ದಿಕ್ಕಾಪಾಲಾಗಿ ಓಡಿದೆವು. "ಏನಮ್ಮಾ, ಮಗನನ್ನೇ ಕಂಡು ಓಡ್ತೀಯಾ?" ಅಂತ ನೀನು ನಕ್ಕೆ. ಆ ಗಲಾಟೆಯಲ್ಲಿ ನಿಂಬೆಹಣ್ಣಿನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಈಗ ಅವಳ ಮಗಳು ಬಂದು ಹೇಳಿದಳು. "ಆ ಪೊಲೀಸಿನವನ ಕೈ ಸೇದಿಹೋಗ" ಅಂತ ಅಜ್ಜಿ ಶಪಿಸುತ್ತಿದ್ದಾಳಂತೆ. ಅದು ನೀನು ಅಂತ ಅವರಿಗಿನ್ನೂ ಗೊತ್ತಿಲ್ಲ.

ಡೀಲರ್ ಗಾಡಿಗೆ ಬಣ್ಣ ಬಳಿದ, ಸದ್ದಿಗೆ ಏನು ಬಳಿಯುತ್ತಾನೆ? ಇವತ್ತೇ ವಾಪಸ್ ಕೊಡು, ಚೌಕಾಸಿ ಬೇಡ. ಆಮೇಲೆ ಆಸ್ಪತ್ರೆಗೆ ನಡೆದುಕೊಂಡು ಬಾ. ಬಂದವನು ಪೊಲೀಸಿನವನಲ್ಲ, ನೀನು ಅಂತ ನಿನ್ನ ಬಾಯಿಂದಲೇ ಹೇಳು. ಬೈದರೆ ಬೈಸಿಕೋ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಅಮ್ಮ