ತ್ಯಾಜ್ಯಕ್ಕೆ ನೀರು ಕುಡಿಸಿದ ಅಪರಾಧ

ಪಶುಸಂಗೋಪನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಹ್ಯಾಚರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ, ನಾವು ಕೆಲಸದವರೆಲ್ಲ ದೊಡ್ಡಕ್ಕ ಎಂದು ಕರೆಯುವವಳನ್ನು ಕಳೆದ ವಾರ ತಾವು ಅಮಾನತು ಮಾಡಿದ್ದೀರಿ. "ವಿಲೇವಾರಿಗೆ ಇಟ್ಟಿದ್ದ ತ್ಯಾಜ್ಯಕ್ಕೆ ಅನುಮತಿಯಿಲ್ಲದೆ ನೀರು ಕುಡಿಸಿದ್ದು" ಎಂಬುದು ಆರೋಪ. ಇದನ್ನು ಬರೆದ ಗುಮಾಸ್ತರು, ತಿದ್ದಿದ ಅಧಿಕಾರಿಗಳು, ಸಹಿ ಹಾಕಿದ ತಾವು, ಈ ಮೂವರಲ್ಲಿ ಒಬ್ಬರಿಗಾದರೂ ತ್ಯಾಜ್ಯ ನೀರು ಕುಡಿಯುವುದು ಹೇಗೆ ಎಂಬ ಅನುಮಾನ ಬರಲಿಲ್ಲವೇ? ಕಸದ ಬುಟ್ಟಿಗೆ ಬಾಯಾರಿಕೆಯಾದದ್ದನ್ನು ನಾನಂತೂ ಕಂಡಿಲ್ಲ.

ಹೊರಗಿನವರಿಗೂ ತಿಳಿಯಲೆಂದು ಹೇಳುತ್ತೇನೆ. ನಮ್ಮ ಹ್ಯಾಚರಿಯಲ್ಲಿ ಕಾವು ಕೊಟ್ಟು ಮರಿ ಮಾಡಿಸುವುದು ಮೊಟ್ಟೆ ಇಡುವ ಕೋಳಿಯ ತಳಿಯನ್ನು. ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಸರಿಯಾಗಿ ಬೆಳೆಯುವುದಿಲ್ಲ. ಆದ್ದರಿಂದ ಹುಟ್ಟಿದ ದಿನವೇ ಅದು ಅರೆಯುವ ಯಂತ್ರಕ್ಕೆ ಹೋಗುತ್ತದೆ. ದೊಡ್ಡಕ್ಕನೂ ನಾನೂ ಎದುರುಬದುರು ಕೂತು, ರೆಕ್ಕೆ ಬಿಡಿಸಿ ನೋಡಿ, ಹೆಣ್ಣನ್ನು ಎಡಕ್ಕೆ, ಗಂಡನ್ನು ಬಲಕ್ಕೆ ಹಾಕುತ್ತೇವೆ. ಹನ್ನೊಂದು ವರ್ಷದ ಹಿಂದೆ ನಾನು ಸೇರಿದ ದಿನ ಅವಳು ಹೇಳಿಕೊಟ್ಟದ್ದು ಒಂದೇ ಪಾಠ: ಕೈ ಬಲಕ್ಕೆ ಹೋಗಲಿ, ಕಣ್ಣು ಹೋಗುವುದು ಬೇಡ.

ಆವತ್ತು ಬೆಳಿಗ್ಗೆ ಯಂತ್ರದ ಮೋಟಾರು ಸುಟ್ಟುಹೋಯಿತು. ಮೆಕ್ಯಾನಿಕ್ಕು ಮಧ್ಯಾಹ್ನ ಬಂದು ನಾಲ್ಕು ಗಂಟೆಗೆ ಸರಿಮಾಡಿಕೊಡುತ್ತೇನೆಂದ. ಎಂಟು ಪೆಟ್ಟಿಗೆ ಗಂಡು ಮರಿಗಳು ಯಂತ್ರದ ಕೋಣೆಗೆ ಹೋಗುವ ಓಣಿಯಂಥ ಹಾದಿಯಲ್ಲೇ, ನಮ್ಮ ಪಕ್ಕದಲ್ಲಿ, ಉಳಿದವು. ದಿನವೂ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಚಿಂವ್‌ಗುಟ್ಟುವಿಕೆಯನ್ನು ಗಂಟೆಗಟ್ಟಲೆ ಕೇಳಬೇಕಾಯಿತು. ಮೇಲ್ವಿಚಾರಕರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಅವರ ಹುದ್ದೆಗೆ ಬಾಗಿಲಿದೆ, ನಮ್ಮದಕ್ಕಿಲ್ಲ.

ಊಟದ ಹೊತ್ತಿಗೆ ದೊಡ್ಡಕ್ಕ ಎದ್ದಳು. ತನ್ನ ಡಬ್ಬಿಯ ಮುಚ್ಚಳ, ನನ್ನ ಡಬ್ಬಿಯ ಮುಚ್ಚಳ ಎರಡಕ್ಕೂ ನೀರು ತುಂಬಿ ಪೆಟ್ಟಿಗೆಗಳ ಪಕ್ಕ ಕೂತಳು. ಆಗಷ್ಟೇ ಹುಟ್ಟಿದ ಮರಿಗೆ ನೀರೆಂದರೆ ಏನೆಂದು ಗೊತ್ತಿರುವುದಿಲ್ಲ. ಕೊಕ್ಕನ್ನು ಒಮ್ಮೆ ಅದ್ದಿ ತೋರಿಸಬೇಕು. ಅವಳು ಒಂದೊಂದನ್ನೇ ಎತ್ತಿ ಅದ್ದಿದಳು. ಊಟ ಮಾಡಲಿಲ್ಲ. ಹೊರಗೆ ಬಂದ ಮೇಲ್ವಿಚಾರಕರು, ಸಾಯೋವಕ್ಕೆ ನೀರು ಯಾಕಮ್ಮ ಎಂದು ಕೇಳಿದರು.

"ಸಾಯೋದು ನಾಲ್ಕು ಗಂಟೆಗಲ್ವಾ ಸಾರ್. ಬಾಯಾರಿರೋದು ಈಗ."

ಮಾನ್ಯರೇ, ನಿಮ್ಮ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಮರಿಗಳ ಮೇಲೆ ದಯೆ ತೋರಬೇಕೆಂದು ಒಂದು ಅಧ್ಯಾಯವೇ ಇದೆ. ಗಂಡು ಮರಿ ಮಾತ್ರ 'ಮರಿ' ಎಂಬ ಪದದ ವ್ಯಾಪ್ತಿಗೆ ಬರುವುದಿಲ್ಲವಂತೆ. ಎಷ್ಟು ಅನುಕೂಲವಾದ ವ್ಯಾಕರಣ! ಆದರೆ ಅವು ಎಲ್ಲಿಂದಲೋ ಬಂದು ನಮ್ಮ ಅಂಗಳಕ್ಕೆ ಬಿದ್ದವಲ್ಲ. ಇಪ್ಪತ್ತೊಂದು ದಿನ ಅಳತೆಯ ಕಾವು ಕೊಟ್ಟು ನಾವೇ ಕರೆಸಿಕೊಂಡವು. ಕರೆಸಿಕೊಂಡವರಿಗೆ ಒಂದು ತೊಟ್ಟು ನೀರಿನಷ್ಟೂ ಋಣವಿಲ್ಲವೇ? ನೀನು ಮೊಟ್ಟೆ ತಿನ್ನುವುದಿಲ್ಲವೇ ಎಂದು ತಾವು ಕೇಳಬಹುದು. ಬಿಟ್ಟು ಹನ್ನೆರಡು ದಿನವಾಯಿತು. ಹಾಲು ಬಿಟ್ಟಿಲ್ಲ. ಗಂಡು ಕರುಗಳು ಎಲ್ಲಿಗೆ ಹೋಗುತ್ತವೆಂದು ವಿಚಾರಿಸುವ ಧೈರ್ಯ ಇನ್ನೂ ಬಂದಿಲ್ಲ.

ನಾಲ್ಕಕ್ಕೆ ಯಂತ್ರ ಸರಿಹೋಯಿತು. ಸ್ವಿಚ್ಚು ಒತ್ತುವ ಸರದಿ ದೊಡ್ಡಕ್ಕನದು. ಅವಳು ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

"ನೀರು ಕುಡಿಸಿದೀನಿ ಸಾರ್. ಇನ್ನು ನನ್ನ ಕೈಲಾಗಲ್ಲ," ಎಂದಳು.

ಮೇಲ್ವಿಚಾರಕರು ನನ್ನ ಕಡೆ ತಿರುಗಿದರು. ನಾನು ಎದ್ದು ಹೋಗಿ ಒತ್ತಿದೆ. ಮಾರನೆಯ ದಿನ ನನ್ನ ಕಡತದಲ್ಲಿ 'ಕರ್ತವ್ಯನಿಷ್ಠೆ' ಎಂದು ಬರೆಯಲಾಯಿತು. ದೊಡ್ಡಕ್ಕ ಇವತ್ತಿಗೂ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ನನ್ನ ಬೇಡಿಕೆ ಇಷ್ಟೇ. ಅವಳ ಅಮಾನತನ್ನು ಹಿಂದಕ್ಕೆ ಪಡೆಯಿರಿ. ಅದಾಗದಿದ್ದರೆ, ಆ ದಿನ ನಮ್ಮಿಬ್ಬರಲ್ಲಿ ತಪ್ಪು ಮಾಡಿದವಳು ಅವಳೇ ಎಂದು ನಿಮ್ಮ ಕೈಯಾರೆ ಬರೆದು ನನಗೊಂದು ಪ್ರತಿ ಕಳುಹಿಸಿ. ನನಗೆ ಅದರ ಅಗತ್ಯ ಬಹಳವಿದೆ.

ಇಂತಿ,
ಕಡತದಲ್ಲಿ ಕಳಂಕವಿಲ್ಲದ ನಿಮ್ಮ ನೌಕರಳು