ಒಂದು ಮಾತೂ ಬಿಡದೆ

ಮಗಳಿಗೆ, ಅಪ್ಪನಿಂದ.

ಐ ಬೆಗ್ ಟು ಸ್ಟೇಟ್ ದಟ್... ಪತ್ರ ಹೀಗೆ ಶುರುವಾಗಬೇಕೆಂದು ನಮ್ಮ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಅದರ ಮುಂದೆ ಏನಿತ್ತೋ ಮರೆತಿದೆ. ಮೂರು ಹಾಳೆ ಹರಿದು ಎಸೆದ ಮೇಲೆ ನಮ್ಮ ಮಾತಿನಲ್ಲೇ ಬರೆಯುವುದು ವಾಸಿ ಅನ್ನಿಸಿತು.

ಮನೆ ನೀನು ಬಿಟ್ಟುಹೋದ ಹಾಗೆಯೇ ಇದೆ. ಕನ್ನಡಿ, ಬಾಗಿಲು, ಉಪ್ಪಿನ ಡಬ್ಬಿ, ಎಲ್ಲದರ ಮೇಲೂ ನೀನು ಬರೆದು ಅಂಟಿಸಿದ ವಿದೇಶಿ ಪದಗಳ ಚೀಟಿಗಳಿವೆ. ನಿನ್ನ ಅಮ್ಮ ಇದ್ದಷ್ಟು ದಿನ ಅವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಉಪ್ಪಿನ ಚೀಟಿ ಮಾತ್ರ ಆವಿಗೆ ಮೆತ್ತಗಾಗಿ ಒಂದು ಮೂಲೆ ಎದ್ದಿತ್ತು, ನಮ್ಮ ಕಾರ್ಖಾನೆಯ ಬ್ರಷ್ಷಿನ ಅಂಟು ತಂದು ಮತ್ತೆ ಅಂಟಿಸಿದೆ. ನೋಡು, ಹೇಳಬೇಕಾದ್ದು ಬಿಟ್ಟು ಉಪ್ಪಿನ ಡಬ್ಬಿಗೆ ಹೋದೆ.

ನೀನು ಚಿಕ್ಕಂದಿನಿಂದ ಅಂಟಿನ ಮಾವ ಎಂದು ಕರೆಯುತ್ತೀಯಲ್ಲ, ನಮ್ಮ ಹಳೆಯ ಕೆಲಸಗಾರ, ಅವನು ಮೊನ್ನೆ ಬ್ರಷ್ಷಿನ ಕೂದಲಿಗೆ ಅಂಟು ತುಂಬುತ್ತಲೇ ಹೇಳಿದ. "ಮಗು ಫೋನ್ ಮಾಡಿತ್ತು, ಯಜಮಾನ್ರೇ. ಭಾಷೆ ಓದೋದು ಬಿಡುತ್ತಂತೆ. ಬರೀ ವ್ಯಾಪಾರದ ಪಾಠ ಇಟ್ಕೊಳ್ಳುತ್ತಂತೆ. ಅರ್ಜಿ ಬರೆದಾಗಿದೆ, ಸೋಮವಾರ ಕೊಡುತ್ತಂತೆ." ಯಾಕಂತೆ ಎಂದೆ. "ಯಾಕೆ ಅಂತ ನನ್ನ ಕೇಳ್ತೀರಾ?" ಎಂದವನು ತಲೆ ಎತ್ತಲೇ ಇಲ್ಲ.

ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವರ್ಷ, ಊಟಕ್ಕೆ ಕೂತಾಗ ನೀನು ನಿಮ್ಮ ಮೇಡಂ ಹೇಳಿದ ನಿಯಮ ಹೇಳಿದ್ದೆ. ಇಬ್ಬರ ನಡುವೆ ನಿಂತು ಅನುವಾದ ಮಾಡುವವರು ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು, ಬೈಗುಳವಾದರೂ ಸರಿ. "ನನ್ನ ಬೈಗುಳಕ್ಕೆಲ್ಲ ನೀನು ಕಲಿಯೋ ಭಾಷೇಲಿ ಪದ ಇದ್ಯೇನೇ?" ಎಂದು ನಾನು ನಕ್ಕೆ. "ಇಲ್ದಿದ್ರೆ ಹುಡುಕ್ತೀನಿ. ನೀನು ಬೈದು ನೋಡಪ್ಪ" ಎಂದೆ ನೀನು. ನಿನ್ನ ಅಮ್ಮ ಬಡಿಸುವ ಚಮಚ ಹಿಡಿದುಕೊಂಡೇ ನಕ್ಕಿದ್ದಳು. ಆ ಮಾತು ನಿಜವಾಗುತ್ತದೆಂದು ಅಂದು ಯಾರಿಗೆ ಗೊತ್ತಿತ್ತು?

ಖರೀದಿದಾರರು ದೇಶ ದಾಟಿ ಬಂದ ದಿನ ನೀನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಣ್ಣ ನೋಟ್‌ಬುಕ್ ಹಿಡಿದು ನಮ್ಮಿಬ್ಬರ ನಡುವೆ ಕೂತಿದ್ದೆ. ಇದು ಕೆಲಸ, ಮಗಳು ಅಂತ ಹೇಳ್ಬೇಡ ಎಂದು ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದೆ. ಅವರು ಬ್ರಷ್ಷನ್ನು ನೀರಿಗೆ ಅದ್ದಿ, ಕೂದಲನ್ನು ಹಿಡಿದು ಎಳೆದರು. ಎರಡು ಕಿತ್ತು ಬಂದವು. ನೀನು ಮಾತ್ರ ಗಾಬರಿಯಾಗದೆ, ಇದು ಇನ್ನೂ ಅಂಟು ಒಣಗದ ಮಾದರಿ ಎಂದು ನಾನು ತೊದಲಿದ್ದನ್ನು ಅಚ್ಚುಕಟ್ಟಾಗಿ ಅವರಿಗೆ ತಿಳಿಸಿದೆ. ಅವರು ತಲೆದೂಗಿದರು. ನನ್ನದೇ ಕಾರ್ಖಾನೆಯಲ್ಲಿ ಒಂದು ಗಂಟೆ ಎಲ್ಲರ ಕಣ್ಣೂ ನಿನ್ನ ಬಾಯಿಯ ಮೇಲಿತ್ತು. ನಾನು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹಾಗಿದ್ದೆ.

ಕೊನೆಗೆ ಅವರು ಏನೋ ಕೇಳಿದರು. ನಿನ್ನ ಕೆನ್ನೆ ಕೆಂಪಾಯಿತು. ಆದರೂ ಹೇಳಿದೆ: "ನಿಮ್ಮ ಅನುವಾದಕಿ ಬಹಳ ಚೆನ್ನಾಗಿ ಕೆಲಸ ಮಾಡ್ತಾರೆ. ಇಂಥವರು ಎಲ್ಲಿ ಸಿಕ್ಕಿದ್ರು?"

ನನ್ನ ನಾಲಿಗೆಗೆ ಏನು ಬಂದಿತ್ತೋ. "ಸಿಗೋದೇನು, ಮನೇಲೇ ಬಿದ್ದಿತ್ತು. ನನ್ನ ಮಗಳೇ. ಬೇರೇನೂ ತಲೆಗೆ ಹತ್ತಲಿಲ್ಲ, ಅದಕ್ಕೇ ಈ ಭಾಷೆ ಗೀಷೆಗೆ ಹಾಕಿದೀನಿ. ಹೇಳಿದ್ದನ್ನ ಗಿಳಿ ಥರ ಹೇಳುತ್ತೆ, ಅಷ್ಟೇ" ಎಂದು ನಕ್ಕೆ.

ನೀನು ಅದನ್ನು ನುಂಗಿಕೊಳ್ಳುತ್ತೀಯ ಅಂದುಕೊಂಡಿದ್ದೆ. ನೀನು ನೋಟ್‌ಬುಕ್ ನೋಡಿಕೊಂಡು ಅಷ್ಟನ್ನೂ ಹೇಳಿದೆ. ಗಿಳಿಗೆ ಪದ ಹುಡುಕಲು ಒಂದು ಕ್ಷಣ ನಿಂತೆ, ಸಿಕ್ಕಿತು, ಹೇಳಿದೆ. ಅವರು ಕನ್ನಡಕ ತೆಗೆದರು. ನಿನ್ನನ್ನು ದಾಟಿ ನೇರವಾಗಿ ನನಗೇ, ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು: ಯುವರ್ ಡಾಟರ್ ಈಸ್ ವೆರಿ ಗುಡ್. ವೈ ಯು ಸೇ ದಿಸ್?

ಅದು ನನಗೆ ಅರ್ಥವಾಗಿತ್ತು, ಮಗಳೇ. ಜೀವಮಾನವಿಡೀ ಇಂಗ್ಲಿಷ್ ಬರುತ್ತದೆಂದು ಜಂಬ ಕೊಚ್ಚಿದವನು ನಾನು. ಅವತ್ತು ಮಾತ್ರ ನಿನ್ನ ಕಡೆ ತಿರುಗಿ "ಏನಂತೆ?" ಎಂದೆ.

ನೀನು ಅದನ್ನೂ ಹೇಳಿದೆ. "ನಿಮ್ಮ ಮಗಳು ತುಂಬ ಚೆನ್ನಾಗಿ ಕೆಲಸ ಮಾಡ್ತಾಳೆ. ನೀವ್ಯಾಕೆ ಹೀಗಂದ್ರಿ?" ಮಾತು ಬಂದಾಗಿನಿಂದ ನನ್ನನ್ನು 'ನೀನು' ಎನ್ನುತ್ತಿದ್ದವಳ ಬಾಯಲ್ಲಿ ಆ 'ನೀವು'. "ತಮಾಷೆಗೆ ಅಂದೆ ಅನ್ನು" ಎಂದೆ. ಆ ಸುಳ್ಳನ್ನೂ ನೀನು ತಪ್ಪದೆ ತಲುಪಿಸಿದೆ.

ಅವರ ಕಾರು ಹೋದ ಮೇಲೆ, ನೀನು ಬಸ್ಸಿಗೆ ಹೊರಟ ಮೇಲೆ, ಅಂಟಿನ ಮಾವ ಡಬ್ಬಿ ಮುಚ್ಚುತ್ತ, "ಯಜಮಾನ್ರೇ, ನಿಮ್ಮ ಬಾಯಿಗೂ ಸ್ವಲ್ಪ ಅಂಟು ಹಾಕ್ಕೋಬೇಕಿತ್ತು" ಎಂದ. ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ. ಅಂದಿನಿಂದ ಎರಡು ತಿಂಗಳು, ಫೋನಿನಲ್ಲಿ ನಿನ್ನಿಂದ ಹೂಂ, ಇಲ್ಲ, ಊಟ ಆಯ್ತು, ಇಷ್ಟೇ.

ಯಾಕೆ ಹಾಗಂದೆ? ನಿನ್ನ ಅಮ್ಮನಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ತಾತನ ಕೈ ನಡುಗತೊಡಗಿತು, ಕಾರ್ಖಾನೆಗೆ ಜನ ಬೇಕಾಯಿತು, ಅದಕ್ಕೇ ಓದು ಬಿಟ್ಟೆ ಎಂದು ನಿಮಗೆಲ್ಲ ಹೇಳುತ್ತ ಬಂದೆ. ತಾತನ ಕೈ ಗಟ್ಟಿಯಾಗಿಯೇ ಇತ್ತು. ಎರಡನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೂರು ಜನ ಎದುರು ಕೂತು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ, ನಿಮ್ಮ ತಂದೆ ಏನು ಮಾಡುತ್ತಾರೆ. ಬ್ರಷ್ ಮಾಡುತ್ತಾರೆ ಎಂದರೆ ಮುಗಿದಿತ್ತು. ಹೇಳಲು ನಾಚಿಕೆಯಾಯಿತು. ಆ ನಾಚಿಕೆಗೆ ಬಾಯಿ ಕಟ್ಟಿಹೋಯಿತು. ಎದ್ದು ಬಂದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ನಾನು ಬಾಯಿ ಬಿಡಲಾಗದೆ ಓಡಿಬಂದಂಥ ಕಡೆಯೇ ಅವತ್ತು ಖರೀದಿದಾರರ ಎದುರು ನೀನು ಕೂತು ಮಾತಾಡುತ್ತಿದ್ದೆ, ಅದೂ ಅಪ್ಪನ ಬ್ರಷ್ಷಿನ ಬಗ್ಗೆಯೇ, ತಲೆ ಎತ್ತಿಕೊಂಡು. ಹೆಮ್ಮೆಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ಮಗಳ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನು. ಇದನ್ನು ಬರೆಯುವಾಗಲೂ ಮುಖ ಎಲ್ಲಿಡಲಿ ಅನ್ನಿಸುತ್ತಿದೆ.

ಅರ್ಜಿ ನಿನ್ನದು, ನಿನ್ನಿಷ್ಟ. ಆದರೆ ನನ್ನ ಮಾತು ನಂಬಿ ಕೊಡಬೇಡ, ಅದು ಸುಳ್ಳು. ಸೋಮವಾರಕ್ಕೆ ಮೊದಲು ನನಗಾಗಿ ಇನ್ನೊಂದೇ ಕೆಲಸ ಮಾಡಿಕೊಡುತ್ತೀಯಾ? ಆ ಖರೀದಿದಾರರು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಈ ಪತ್ರವೇ ಉತ್ತರ. ಅವರ ಭಾಷೆಗೆ ತಂದು ಕಳಿಸು. ಅಪ್ಪ ಅಂತ ಎಲ್ಲಿಯೂ ಮೆತ್ತಗೆ ಮಾಡಬೇಡ. ಹೊಟ್ಟೆಕಿಚ್ಚಿಗೆ ಅವರಲ್ಲಿ ಪದ ಇಲ್ಲದಿದ್ದರೆ ಹುಡುಕು, ನಿನಗೆ ಸಿಗುತ್ತದೆ.

ಯಾರ ಎದುರೂ ನಿನ್ನ ಬಾಯಿ ಕಟ್ಟದಿರಲಿ, ತಾಯಿ.

ನೀನು ಮತ್ತೆ 'ನೀನು' ಅನ್ನುವುದನ್ನು ಕಾಯುತ್ತಿರುವ,
ಬ್ರಷ್ ಮಾಡುವ ನಿನ್ನ ಅಪ್ಪ