ನಡುವಿನ ಪ್ಯಾರಾ

24 ಅಕ್ಟೋಬರ್ 1996, ಗುರುವಾರ

ಬರೆಯದೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಮೂರು ದಿನ ಬಿಟ್ಟೂ ಇದ್ದೆ. ಎಂಟನೇ ಕ್ಲಾಸಿನ ಟೆಸ್ಟ್ ಪೇಪರು, ಗಂಡ ಅಮರೇಶ್‌ಗೆ ಜ್ವರ, ಕರೆಂಟ್ ಇಲ್ಲ — ಇಷ್ಟೇ ಬರೆದೆ. ಸೋಮವಾರ ಕೊರಿಯರ್‌ಗೆ ಹೋದ ಎರಡು ಶಿಫಾರಸು ಪತ್ರಗಳಲ್ಲಿ, ನನ್ನ ಮಗಳು ಶೀತಲ್‌ಳದರ ನಡುವಿನ ಪ್ಯಾರಾ ಅವಳದಲ್ಲ. ರಕ್ಷಿತಾಳದು. ಬದಲಾಯಿಸಿದ್ದು ನಾನು.

ಇಂಗ್ಲಿಷ್‌ನಲ್ಲಿ ಬರೆದರೆ ತಿದ್ದಿ ತಿದ್ದಿ ಚಂದ ಮಾಡಿಬಿಡುತ್ತೇನೆ. ಅದೇ ನನ್ನ ಕಸುಬು. ಅದಕ್ಕೇ ಇವತ್ತು ಕನ್ನಡ.

ಇಬ್ಬರೂ ಒಂದೇ ಕ್ಲಾಸು. ಅಮೆರಿಕದ ಒಂದೇ ಯೂನಿವರ್ಸಿಟಿಗೆ ಅರ್ಲಿ ಅಪ್ಲೈ ಮಾಡಿದ್ದಾರೆ. ನವೆಂಬರ್ ಒಂದರೊಳಗೆ ತಲುಪಿದರೆ ಡಿಸೆಂಬರ್‌ನಲ್ಲೇ ಉತ್ತರ. ನಮ್ಮ ಸ್ಕೂಲಿನ ಪತ್ರಗಳನ್ನೆಲ್ಲ ಬರೆಯುವುದು ನಾನು, ಸಹಿ ಪ್ರಿನ್ಸಿಪಾಲ್ ಅಶ್ವತ್ಥಮ್ಮನವರದು. ಹಾಗೇ ನಡೆದು ಬಂದಿದೆ.

"ನಿಮ್ಮ ಇಂಗ್ಲಿಷ್‌ನ ನಾನೇನು ಓದಿ ನೋಡೋದು ಶಾಂಭವಿ? ಎಲ್ಲಿ ಸೈನ್ ಹಾಕ್ಬೇಕು ತೋರಿಸಿ" ಎಂದರು, ಸೋಮವಾರ ಪತ್ರ ಮುಂದಿಟ್ಟಾಗ. ಪೆನ್ನಿನ ಮುಚ್ಚಳ ಹಾಕುತ್ತಾ, "ಇಬ್ಬರಿಗೂ ಚೆನ್ನಾಗಿ ಬರೆದಿದ್ದೀರಿ ತಾನೆ?"

"ಬರೆದಿದ್ದೀನಿ ಮೇಡಂ."

25 ಅಕ್ಟೋಬರ್, ಶುಕ್ರವಾರ

ನಿನ್ನೆ ಪೂರ್ತಿ ಬರೆಯಲಿಲ್ಲ.

ರಕ್ಷಿತಾ ಇರುವುದು ಚಂದಾಪುರದ ಒಂದು ವಠಾರದಲ್ಲಿ. ಹನ್ನೊಂದು ಮನೆ, ಒಂದು ನಲ್ಲಿ, ದಿನಾ ಜಗಳ. ಹೋದ ಬೇಸಿಗೆ ಎರಡು ತಿಂಗಳು ನೀರು ಬಂದ ಹೊತ್ತು, ನಿಂತ ಹೊತ್ತು ಗುರುತು ಹಾಕಿಕೊಂಡಳು. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಯಾವ ಶಿಫ್ಟು ಎಲ್ಲ ನೋಡಿ ಒಂದು ಚಾರ್ಟ್ ಮಾಡಿ ನಲ್ಲಿಯ ಗೋಡೆಗೆ ಅಂಟಿಸಿದಳು. ಜಗಳ ನಿಂತಿತು. ಲೈಬ್ರರಿ ಪೀರಿಯಡ್‌ನಲ್ಲಿ ಅವಳೇ ಹೇಳಿದ್ದು, ದೊಡ್ಡದೇನಲ್ಲ ಅನ್ನುವ ಹಾಗೆ.

ಶೀತಲ್‌ಳ ಪತ್ರಕ್ಕೆ ಕೂತಾಗ ಅಂಥದ್ದೊಂದೂ ಹೊಳೆಯಲಿಲ್ಲ. ಮಾರ್ಕ್ಸ್ ಇದೆ, ಡಿಬೇಟ್ ಕಪ್ ಇದೆ. ಹೆತ್ತವಳು, ಹದಿನೇಳು ವರ್ಷ ನೋಡಿದವಳು... ಪತ್ರದಲ್ಲಿ ಆ ಚಾರ್ಟನ್ನು ಎತ್ತಿ ನಮ್ಮ ಕ್ವಾರ್ಟರ್ಸ್ ಹಿಂದಿನ ಕಟ್ಟಡ ಕೆಲಸದವರ ಶೆಡ್ಡಿಗೆ ತಂದೆ. ಮಾಡಿದವಳು ಶೀತಲ್ ಎಂದೆ. ಎರಡು ಪತ್ರದಲ್ಲೂ ಅದೇ ಇರುವಂತಿಲ್ಲ, ರಕ್ಷಿತಾಳದರಿಂದ ತೆಗೆದೆ. ಅವಳಿಗೆ ಉಳಿದದ್ದು ಶ್ರದ್ಧೆ, ವಿನಯ, ಅಟೆಂಡೆನ್ಸ್.

ಶೀತಲ್‌ಗೆ ಗೊತ್ತಿಲ್ಲ. ಪತ್ರ ಸೀಲ್ ಆಗಿ ಹೋಗುತ್ತದೆ. ಮಕ್ಕಳು ನೋಡುವ ಹಾಗಿಲ್ಲ.

12 ನವೆಂಬರ್, ಮಂಗಳವಾರ

ಬಲಿಪಾಡ್ಯಮಿ. ರಕ್ಷಿತಾಳ ತಂದೆ ಈಶಪ್ಪ ಬಂದಿದ್ದರು. ಕೊಪ್ಪಳದ ಕಡೆಯವರು, ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಲೇಥ್ ಕೆಲಸ. ಡಬ್ಬಿ ತುಂಬ ಕರಚಿಕಾಯಿ ತಂದಿದ್ದರು.

"ನಮ್ಮಾಕಿ ಮಾಡ್ಯಾಳ್ರಿ ಮೇಡಂ. ನೀವು ಪತ್ರ ಬರದೀರಿ ಅಂದಮ್ಯಾಲ ನನಗ ಚಿಂತಿ ಇಲ್ಲ. ಹುಡುಗಿ ಹೇಳತಿತ್ತು, ನಮ್ಮ ನಳದ ಕತಿ ಮಿಸ್‌ಗೆ ಭಾಳ ಸೇರೇತಿ ಅಂತ."

ಅಮರೇಶ್ ನಗುತ್ತಾ, "ನಮ್ಮ ಮನೆಗೂ ಒಂದು ಚಾರ್ಟ್ ಹಾಕ್ಕೊಡೋಕೆ ಹೇಳ್ರಿ. ಇವಳೊಬ್ಬಳೇ ಅರ್ಧ ಟ್ಯಾಂಕ್ ಖಾಲಿ ಮಾಡ್ತಾಳೆ" ಎಂದ.

"ಮೇಡಂ ಅವರಿಗೆ ನಾವು ಟೈಮ್ ಹಾಕಾಕ್ ಬರತೈತೇನ್ರಿ ಸರ್?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕರಚಿಕಾಯಿ ತಿಂದೆ. ಎರಡು.

17 ಡಿಸೆಂಬರ್, ಮಂಗಳವಾರ

ಉತ್ತರಕ್ಕೆಂದು ಅರ್ಜಿಯಲ್ಲಿ ಇಬ್ಬರೂ ಕೊಟ್ಟಿದ್ದು ಅಮರೇಶ್‌ನ ಆಫೀಸಿನ ಫ್ಯಾಕ್ಸ್ ನಂಬರ್. ಮಧ್ಯಾಹ್ನ ಎರಡೂ ಬಂದವು. ಶೀತಲ್‌ಗೆ ಸೀಟು. ರಕ್ಷಿತಾಳದು ಡೆಫರ್ — ಇಲ್ಲ ಎಂದಿಲ್ಲ, ಮಾರ್ಚ್‌ನಲ್ಲಿ ಮತ್ತೆ ನೋಡುತ್ತಾರೆ.

ಶೀತಲ್ ನನ್ನನ್ನು ಎತ್ತಿ ತಿರುಗಿಸಿದಳು. ಇಳಿಸು, ತಲೆ ಸುತ್ತುತ್ತೆ ಎಂದೆ.

18 ಡಿಸೆಂಬರ್, ಬುಧವಾರ

ಸ್ಟಾಫ್ ರೂಮ್ ಬಾಗಿಲಲ್ಲಿ ರಕ್ಷಿತಾ. ಮುಖ ಸಪ್ಪಗಿರಲಿಲ್ಲ. ಅದೇ ಕಷ್ಟವಾಯಿತು.

"ನೋ ಅಂದಿಲ್ವಲ್ಲ ಮಿಸ್. ಹೊಸದೇನಾದ್ರೂ ಇದ್ರೆ ಕಳಿಸಿ ಅಂದಿದ್ದಾರೆ. ಎಸ್ಸೇನಲ್ಲಿ ನಾನು ಚಾರ್ಟ್ ವಿಷಯ ಬಿಟ್ಟಿದ್ದೆ, ನೀವು ಬರೀತೀರ ಅಂತ. ಈಗ ನಾನೂ ಬರೀಲಾ? ಮತ್ತೆ ಅದನ್ನೇ ಹೇಳಿದ್ರೆ ಕೊಚ್ಕೊಂಡ ಹಾಗಾಗುತ್ತೇನೋ?"

"ಬೇಡಮ್ಮ. ಬರೆದಾಗಿದೆ."

"ಥ್ಯಾಂಕ್ಯೂ ಮಿಸ್."

ಅಕ್ಟೋಬರ್‌ನದಕ್ಕೆ ಭಯ ಎಂಬ ನೆಪವಿತ್ತು. ಮಗಳಿಗೆ ಸಿಗದೇ ಹೋದರೆ ಎಂಬ ಭಯ. ಇವತ್ತಿನದಕ್ಕೆ ಏನಿತ್ತು? ಸೀಟು ಸಿಕ್ಕಿಯೂ ಆಗಿತ್ತು.

6 ಜನವರಿ 1997, ಸೋಮವಾರ

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ದಪ್ಪ ಕವರ್ ಇವತ್ತು ಪೋಸ್ಟಿನಲ್ಲಿ ಬಂತು. ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಶೀತಲ್ ಗಟ್ಟಿಯಾಗಿ ಓದುತ್ತಿದ್ದಳು. ಕೊನೆಯಲ್ಲಿ, ಟೈಪಾದದ್ದರ ಕೆಳಗೆ, ಅಲ್ಲಿನ ಯಾರೋ ಇಂಕಿನಲ್ಲಿ ಎರಡು ಸಾಲು ಬರೆದಿದ್ದಾರೆ: ನಿನ್ನ ನೀರಿನ ಚಾರ್ಟ್ ನಮಗೆಲ್ಲ ಬಹಳ ಹಿಡಿಸಿತು, ಇಲ್ಲಿನ ಹಾಸ್ಟೆಲಿನ ಸ್ನಾನದ ಮನೆಗಳಿಗೂ ನೀನು ಬೇಕು ಎಂದು.

"ಅಮ್ಮ, ನಾನ್ಯಾವಾಗ ನೀರಿನ ಚಾರ್ಟ್ ಮಾಡಿದೆ? ಅದು ರಕ್ಷಿದಲ್ವಾ?"

ಒಂದು ಕಾಯಿ ಬಿಡಿಸಿದೆ. ಇನ್ನೊಂದು. ಆಮೇಲೆ ಹೇಳಿದೆ, ಎಲ್ಲ.

ಕೂಗಾಡಲಿಲ್ಲ. ಕಾಗದವನ್ನು ಮಡಿಕೆಯ ಮೇಲೇ ಮಡಿಸಿ ಕವರ್‌ಗೆ ಹಾಕಿದಳು.

"ನನ್ನ ಬಗ್ಗೆ ಬರೆಯೋಕೆ ನಿಂಗೇನೂ ಸಿಗ್ಲಿಲ್ವಾ?"

9 ಜನವರಿ, ಗುರುವಾರ

ಮೂರು ದಿನದಿಂದ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಸಿಗದೇ ಹೋದದ್ದಲ್ಲ, ನಾನು ಅವಳನ್ನು ನೋಡಿದ್ದೇ ಇಲ್ಲ. ನೋಡಿದ್ದು ಬೇರೆಯವರ ಮಕ್ಕಳನ್ನು, ಅವರ ಪಕ್ಕದಲ್ಲಿ ಇವಳನ್ನು ನಿಲ್ಲಿಸಿ.

ಯೂನಿವರ್ಸಿಟಿಗೆ ನಿಜ ಬರೆಯುತ್ತೇನೆ ಎಂದು ಅಮರೇಶ್‌ಗೆ ಹೇಳಿದೆ.

"ಒಂದು ಪ್ಯಾರಾ ಕಣೇ. ಮಾರ್ಕ್ಸ್ ಸುಳ್ಳಾ? ಡಿಬೇಟ್ ಸುಳ್ಳಾ? ನೀನು ಬರೆದ್ರೆ ಇವಳ ಸೀಟ್ ಹೋಗುತ್ತೆ, ನಿನ್ನ ಕೆಲಸ ಹೋಗುತ್ತೆ. ಆ ರಕ್ಷಿತಾಗೆ ಸಿಗುತ್ತೆ ಅಂತ ಏನು ಗ್ಯಾರಂಟಿ?"

ಯಾವ ಗ್ಯಾರಂಟಿಯೂ ಇಲ್ಲ. ಅವನು ಹೇಳಿದ್ದರಲ್ಲಿ ತಪ್ಪು ಮಾತು ಒಂದಿಲ್ಲ.

ಹಾಲ್‌ನಿಂದ ಶೀತಲ್: "ಅಪ್ಪ, ಆ ಸೀಟಲ್ಲಿ ನಾಲ್ಕು ವರ್ಷ ಕೂರೋಳು ನಾನು."

ಅಮರೇಶ್ ಪೇಪರ್ ಎತ್ತಿಕೊಂಡ. ಓದಲಿಲ್ಲ.

13 ಜನವರಿ, ಸೋಮವಾರ

ಪತ್ರ ಮೂರನೇ ಸಲ ಬರೆದದ್ದು. ಬೆಳಿಗ್ಗೆ ಶೀತಲ್‌ಗೆ ಓದಲು ಕೊಟ್ಟೆ. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ವಾಪಸ್ ಕೊಟ್ಟಳು. ಟೈಪ್ ಮಾಡುವಾಗ ಇಬ್ಬರ ವಿವರ ಅದಲುಬದಲಾಯಿತು ಎಂದಿತ್ತು ಅಲ್ಲಿ.

"ಹೀಗೇ ಆಗಿದ್ದಾ ಅಮ್ಮ?"

ಮೂರು ಸಲವೂ ಆ ಸಾಲು ಅಲ್ಲಿತ್ತು. ಗಮನಿಸಿರಲಿಲ್ಲ... ಇಲ್ಲ, ಗಮನಿಸಿದ್ದೆ. ಹೊಡೆದುಹಾಕಿದೆ. 'ಗೊತ್ತಿದ್ದೇ ಬರೆದೆ' ಎಂದು ಹಾಕಿದೆ. ರಕ್ಷಿತಾಳ ಚಾರ್ಟ್ ವಿಷಯ ಪೂರ್ತಿ ಬರೆದೆ. ಶೀತಲ್‌ಗೆ ಏನೂ ತಿಳಿದಿರಲಿಲ್ಲ ಎಂದೂ ಬರೆದೆ. ಅದು ನಿಜ, ಹಾಗಾಗಿ ಆ ಸಾಲು ಪತ್ರದಲ್ಲಿ ಇರಬಹುದು ಅಂದುಕೊಂಡಿದ್ದೇನೆ.

ಅಶ್ವತ್ಥಮ್ಮನವರಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ನಾನೂ ಓದದೇ ಸೈನ್ ಹಾಕಿದೆ. ಅದನ್ನೂ ಸೇರಿಸಿ" ಎಂದರು. ಕನ್ನಡಕ ತೆಗೆದಿಟ್ಟು, "ಆ ಹುಡುಗಿಗೆ ಹೇಳಿದ್ರಾ?"

"ಇಲ್ಲ ಮೇಡಂ."

"ಅವಳಿಗೆ ಹೇಳಿ ಬನ್ನಿ. ಆಮೇಲೆ ಸೈನ್. ಆಮೇಲೆ ನಿಮ್ಮ ಕೆಲಸದ ಮಾತು."

14 ಜನವರಿ, ಮಂಗಳವಾರ

ಸಂಕ್ರಾಂತಿ. ಪಕ್ಕದ ಮನೆಯವರು ಎಳ್ಳು ಬೀರಿ ಹೋದರು. ನಾನು ಯಾರ ಮನೆಗೂ ಹೋಗಲಿಲ್ಲ.

ನಾಳೆ ಮೊದಲ ಪೀರಿಯಡ್ ಬಿಡುವು. ರಕ್ಷಿತಾಳನ್ನು ಕರೆಯಬೇಕು. ಅವಳು ಅಳುವುದಿಲ್ಲ. ಹಾಗಾದ್ರೆ ನನ್ನ ಪತ್ರದಲ್ಲಿ ಏನಿತ್ತು ಮಿಸ್ ಎಂದು ಕೇಳುತ್ತಾಳೆ. ಕಾರ್ಬನ್ ಕಾಪಿ ತೆಗೆದಿಟ್ಟಿದ್ದೇನೆ. ನಾನು ವಿವರಿಸುವುದಿಲ್ಲ, ಅವಳೇ ಓದಲಿ. ಓದಿ ಏನಾದರೂ ಅಂದರೆ ನಿಂತು ಕೇಳುವುದು. ಅನ್ನದಿದ್ದರೂ ನಿಂತಿರುವುದು.

ಆಮೇಲೆ ಮೇಡಂ ಸಹಿ. ಎಲೆಕ್ಟ್ರಾನಿಕ್ ಸಿಟಿ ಪೋಸ್ಟಾಫೀಸು, ಊಟದ ಬಿಡುವಿಗೆ ಮೊದಲು. ಕವರ್ ಮೇಲೆ ವಿಳಾಸ ಬರೆದಾಯಿತು. ಪತ್ರದ ಮೂಲೆಯಲ್ಲಿ ತಾರೀಖು ಖಾಲಿ ಬಿಟ್ಟಿದ್ದೆ, ಈಗ ಹಾಕಿದೆ —

15 ಜನವರಿ 1997